ಮೂರನೇ ಕಿಟಕಿಯವರ ಮೇಲೆ ಬೀಗದವನ ಎರಡನೇ ದೂರು

ಇವರಿಗೆ,
ಮೂರನೇ ಕಿಟಕಿಯ ಮಾಜಿ ಅಧಿಕಾರಿಗಳು,
ಹಾಲಿ ವಿಳಾಸ: ಬ್ಯಾಂಕಿನ ನೆಲಮಾಳಿಗೆ, ಹಳೆಯ ಕಡತಗಳ ಕೋಣೆ, ಕಾಲು ಮುರಿದ ಕುರ್ಚಿಗಳ ಪಕ್ಕ.

ವಿಷಯ: ತಾವು ನನ್ನನ್ನು ಸಾಕಷ್ಟು ಸತಾಯಿಸಲಿಲ್ಲ ಎಂಬ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಭೂತಗನ್ನಡಿಗೂ, ಗ್ರಾಹಕರು ಕದ್ದೊಯ್ಯಬಾರದೆಂದು ತಾವು ದಾರ ಕಟ್ಟಿ ಕಂಬಕ್ಕೆ ಬಿಗಿದಿದ್ದ ಆ ನೀಲಿ ಪೆನ್ನಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಮ್ಮ ಆರೋಗ್ಯ ನೆಲಮಾಳಿಗೆಯ ಧೂಳಿನಲ್ಲಿಯೂ ಚೆನ್ನಾಗಿದೆಯೆಂದು ನಂಬಿದ್ದೇನೆ. ಇದನ್ನು ಬರೆಯುತ್ತಿರುವವನು ತಮ್ಮ ಬ್ಯಾಂಕಿನ ಎದುರಿಗೆ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮೂವತ್ತೊಂದು ವರ್ಷದಿಂದ ಬೀಗ ರಿಪೇರಿ ಮಾಡಿಕೊಂಡು, ಕಳೆದುಹೋದ ಕೀಲಿಕೈಗಳಿಗೆ ಮರುಜನ್ಮ ಕೊಡುತ್ತ, ಊರಿನ ಅರ್ಧ ಬಾಗಿಲುಗಳ ಒಳಗುಟ್ಟು ಬಲ್ಲವನೆಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದವನು. ಹಿಂದೊಮ್ಮೆ ತಮ್ಮ ಮೇಲೆ ಗುಟ್ಟಾಗಿ ದೂರು ಬರೆದು ಪೆಟ್ಟಿಗೆಗೆ ಹಾಕಿದ್ದರ ಫಲವನ್ನು ನಾವಿಬ್ಬರೂ ಉಂಡಿರುವುದರಿಂದ, ಈ ಎರಡನೆಯ ದೂರನ್ನು ಬಹಿರಂಗವಾಗಿಯೇ ಬರೆದು ನನ್ನ ಗೂಡಿನ ಷಟರಿಗೆ ಅಂಟಿಸುತ್ತಿದ್ದೇನೆ. ಬಸ್ಸಿಗೆ ಕಾಯುವವರು ಓದಿಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಮಾನ್ಯರೇ, ಮೊದಲು ನನ್ನ ಸಹಿಯ ವಿಷಯ. ಅರ ಹಿಡಿದು ಕೂದಲೆಳೆಯಷ್ಟು ವ್ಯತ್ಯಾಸವೂ ಬಾರದಂತೆ ಕೀಲಿಕೈಯ ಹಲ್ಲು ಕಡೆಯುವ ಕೈ ನನ್ನದು. ಖಾತೆ ತೆರೆದ ದಿನ ಮಾದರಿ ಕಾರ್ಡಿನ ಮೇಲೆ ಹಾಕಿದ ಸಹಿಯನ್ನೇ, ಅದೇ ಎರಡು ಏರು, ಒಂದು ಇಳಿವು, ಕೊನೆಗೊಂದು ಕೊಕ್ಕೆಯ ಸಮೇತ ಇಂದಿನವರೆಗೂ ಹಾಕುತ್ತ ಬಂದಿದ್ದೇನೆ, ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಒಂದೇ ಸಹಿ ಕಾಣಬೇಕು. ಅಂಥ ಸಹಿಯನ್ನು ತಾವು ನಾಲ್ಕು ಸಲ, ನಾಲ್ಕು ಬೇರೆ ಬೇರೆ ದಿನ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಭೂತಗನ್ನಡಿ ಹಿಡಿದು, ನಿಟ್ಟುಸಿರು ಬಿಟ್ಟು, ಹೊಂದುತ್ತಿಲ್ಲ ಎಂದಿರಿ. ತಮ್ಮನ್ನು ಬೀದಿಯಲ್ಲಿ 'ನಾಳೆ ಬನ್ನಿ ಮೇಡಂ' ಎಂದು ಕರೆಯುತ್ತಾರೆಂಬುದು ತಮಗೆ ತಿಳಿದಿದೆಯೋ ಇಲ್ಲವೋ, ಆ ಹೆಸರು ಹರಡುವುದರಲ್ಲಿ ನನ್ನ ಅಳಿಲು ಸೇವೆಯೂ ಇದೆಯೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ನಾನು ತೆಗೆಯಲು ಬಂದಿದ್ದ ಹಣ ಯಾವುದೆಂದು ತಮಗೆ ಗೊತ್ತು, ಬಸ್ಸಿಗೆ ಕಾಯುವವರಿಗೆ ಗೊತ್ತಿಲ್ಲ. ನನ್ನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಒದ್ದೆ ಹಾಸುಬಟ್ಟೆಗಳನ್ನು ಯಂತ್ರದಿಂದ ಎಳೆದು ತಳ್ಳುಗಾಡಿಗೆ ಹಾಕಿ ಹಾಕಿ ಅವಳ ಬಲಭುಜ ಎಷ್ಟು ಸವೆದಿದೆಯೆಂದರೆ ಈಗ ತಲೆ ಬಾಚಿಕೊಳ್ಳಲು ಎಡಗೈಯೇ ಗತಿ. ಆ ಕೆಲಸದಿಂದ ಎರಡು ವರ್ಷ ಮೊದಲೇ ಬಿಡುಗಡೆ ಪಡೆಯಲೆಂದು ಅವಳು ಚೂರುಪಾರು ಸೇರಿಸಿ ನಮ್ಮಿಬ್ಬರ ಹೆಸರಿನಲ್ಲಿ ತಮ್ಮ ಬ್ಯಾಂಕಿನಲ್ಲಿಟ್ಟಿದ್ದ ಠೇವಣಿ ಅದು. ಇಬ್ಬರಲ್ಲಿ ಯಾರೊಬ್ಬರ ಸಹಿಯಾದರೂ ಸಾಕು ಎಂದು ಫಾರಮಿನಲ್ಲಿ ಬರೆದಿತ್ತು, ಆದ್ದರಿಂದ ಕಾನೂನು ನನ್ನ ಕಡೆಗೇ ಇತ್ತು.

ಇತ್ತ ನನ್ನ ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ಮೊಬೈಲುಗಳಿಗೆ ಗಾಜು ಅಂಟಿಸಿ ಬದುಕುವ ಉತ್ಸಾಹಿ, ದಿನಾ ನನ್ನ ಗೂಡಿಗೆ ಬಂದು ಕ್ರಿಪ್ಟೊ ನಾಣ್ಯದ ಮಹಿಮೆ ಹೇಳುತ್ತಿದ್ದ. "ಭಾವ, ಬ್ಯಾಂಕಲ್ಲಿ ದುಡ್ಡು ನಿದ್ದೆ ಹೊಡೆಯುತ್ತೆ. ಇಲ್ಲಿ ಹಾಕಿದ್ರೆ ಓಡುತ್ತೆ ನೋಡಿ" ಎಂದ. ಅವನ ಮಾತು ಅಕ್ಷರಶಃ ನಿಜವಾಯಿತೆಂಬುದನ್ನು ಮುಂದೆ ನಿವೇದಿಸುತ್ತೇನೆ. ನನಗೆ ಮಾತ್ರ ಆಗ ಒಂದೇ ಆಸೆ: ಹಣ ಸ್ವಲ್ಪ ಬೆಳೆದರೆ ಎರಡು ವರ್ಷ ಮೊದಲಲ್ಲ, ನಾಳೆಯೇ ಬಿಡು ಎಂದು ಹೆಂಡತಿಗೆ ಹೇಳಬೇಕು, ಅವಳು ಬೆರಗಾಗಬೇಕು. ಅದಕ್ಕಾಗಿಯೇ ಅವಳಿಗೆ ಒಂದು ಮಾತೂ ಹೇಳದೆ ತಮ್ಮ ಕಿಟಕಿಗೆ ಬಂದೆ.

ಮೊದಲ ದಿನ ತಾವು "ಸಹಿ ಹೊಂದ್ತಿಲ್ಲ, ನಾಳೆ ಬನ್ನಿ" ಎಂದಿರಿ. ಎರಡನೆಯ ದಿನವೂ ಅದನ್ನೇ ಅಂದಿರಿ, ಭೂತಗನ್ನಡಿ ಮಾತ್ರ ಹೊಸದಾಗಿ ಸೇರಿತು. ಮೂರನೆಯ ದಿನ "ಮನೆಯವರನ್ನೂ ಕರ್ಕೊಂಡು ಬನ್ನಿ, ಅವರದಾದ್ರೂ ಹೊಂದುತ್ತೇನೋ ನೋಡೋಣ" ಎಂದಿರಿ. ನಾಲ್ಕನೆಯ ದಿನ ನನ್ನ ಜೇಬಿನಿಂದ ಇಣುಕುತ್ತಿದ್ದ ಕ್ರಿಪ್ಟೊ ಜಾಹೀರಾತಿನ ಬಣ್ಣದ ಚೀಟಿಯನ್ನು ಒಮ್ಮೆ ನೋಡಿ, ನನ್ನ ಮುಖವನ್ನು ಒಮ್ಮೆ ನೋಡಿ, "ಏನ್ ಆತುರ ನಿಮ್ಗೆ? ಇಲ್ಲಿದ್ರೆ ದುಡ್ಡಿಗೇನು ಇರುವೆ ಮುತ್ತುತ್ತಾ?" ಎಂದಿರಿ. ಸಾಲಿನಲ್ಲಿದ್ದವನೊಬ್ಬ "ಬೀಗದವರಿಗೇ ಬೀಗ ಬಿತ್ತು" ಎಂದ. ಎಲ್ಲರೂ ನಕ್ಕರು, ಕಾವಲುಗಾರನೂ ನಕ್ಕ. ಸಹಿ ಹೊಂದದ್ದಕ್ಕಿಂತ ಹೆಚ್ಚಾಗಿ ಆ ನಗು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು.

ಅದೇ ಮಧ್ಯಾಹ್ನ, ದಾರ ಕಟ್ಟಿದ ತಮ್ಮ ಪೆನ್ನಿನಿಂದಲೇ, ದಾರ ಎಳೆದಷ್ಟು ದೂರ ಎಳೆದು, ಮೊದಲನೆಯ ದೂರನ್ನು ಬರೆದೆ. ಮೂರನೇ ಕಿಟಕಿಯವರು ಗೌರವಸ್ಥ ಗ್ರಾಹಕರನ್ನು ಕಳ್ಳರಂತೆ ಕಾಣುತ್ತಾರೆ, ಹೊಂದುವ ಸಹಿಯನ್ನು ಹೊಂದುವುದಿಲ್ಲ ಎನ್ನುತ್ತಾರೆ, ಇವರಿಗೆ ಒಂದೋ ಕಣ್ಣಿಲ್ಲ ಇಲ್ಲವೇ ಕರುಣೆಯಿಲ್ಲ ಎಂದು ಬರೆದು, ಕೆಳಗೆ ಖಾತೆ ಸಂಖ್ಯೆಯನ್ನೂ ಎದುರು ರಸ್ತೆಯ ಬೀಗದವನು ಎಂದೂ ಹಾಕಿ, ಅದೇ ಎರಡು ಏರು ಒಂದು ಇಳಿವಿನ ಸಹಿ ಮಾಡಿ, ಬಾಗಿಲ ಪಕ್ಕದ ದೂರು ಪೆಟ್ಟಿಗೆಯೊಳಗೆ ತುರುಕಿದೆ. ಮಾನ್ಯರೇ, ಇಲ್ಲಿ ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಲು ಅಪ್ಪಣೆ ಬೇಕು. ಆ ಪೆಟ್ಟಿಗೆಯ ಕೀಲಿಕೈ ಕಳೆದು ಎಂಟು ವರ್ಷವಾಗಿತ್ತು. ಅದರ ಬೀಗ ತುಕ್ಕು ಹಿಡಿದು ಕೂತಿರುವುದು ಬೀದಿಗೆಲ್ಲ ಗೊತ್ತಿತ್ತು, ಬೀಗದವನಾದ ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಜನ ಹಳೆಯ ಬಸ್ ಟಿಕೇಟು ಹಾಕುವಲ್ಲಿ ನಾನು ನನ್ನ ಸಿಟ್ಟನ್ನು ಹಾಕಿದೆ, ಅಷ್ಟೆ. ಯಾರೂ ಓದದ ದೂರು ಯಾರಿಗೂ ಕೇಡು ಮಾಡುವುದಿಲ್ಲವೆಂದು ನಂಬಿ, ಹಗುರಾಗಿ, ಗೂಡಿಗೆ ಮರಳಿ ಎರಡು ಕೀಲಿಕೈ ಕಡೆದೆ.

ಹತ್ತು ದಿನಕ್ಕೆ ತಮ್ಮಲ್ಲಿಗೆ ಹೊಸ ಮ್ಯಾನೇಜರ್ ಬಂದರು. ಬಂದವರೇ ಮೂಲೆಮೂಲೆ ಗುಡಿಸಿಸಿ, ಪೆಟ್ಟಿಗೆಯ ಬೀಗ ತೆಗೆಯಲು ಆಳು ಕಳಿಸಿದರು. ಬೇರೆ ಯಾರಿಗೆ ಕಳಿಸುತ್ತಾರೆ? ನನಗೇ.

ಕೈ ತಪ್ಪಿತೆಂದು ಬೀಗವನ್ನು ಇನ್ನಷ್ಟು ಕೆಡಿಸಿ ಬರಬಹುದಿತ್ತು. ಆದರೆ ಕಸುಬಿನ ಸೊಕ್ಕು ನೋಡಿ, ಒಂದು ತೊಟ್ಟು ಎಣ್ಣೆ, ಎರಡು ತಂತಿ, ಮೂರು ನಿಮಿಷ, ಬೀಗ ಕಟಕ್ಕೆಂದಿತು. ನನಗೆ ಈ ವಿದ್ಯೆ ಕಲಿಸಿದ ಸೋದರಮಾವ ಒಂದು ವ್ರತ ಹೇಳಿಕೊಟ್ಟಿದ್ದ: "ಬೀಗ ಬಿಚ್ಚಿದ ತಕ್ಷಣ ಮುಖ ತಿರುಗಿಸು. ಬೀಗ ನಿನ್ನದು, ಒಳಗಿರೋದು ನಿನ್ನದಲ್ಲ." ಮೂವತ್ತೊಂದು ವರ್ಷದಲ್ಲಿ ನಾನು ತೆರೆದ ಯಾವ ಪೆಟಾರಿಯೊಳಗೂ ಇಣುಕಿಲ್ಲ. ಅಂದೂ ಗೋಡೆಯ ಕಡೆ ತಿರುಗಿ ನಿಂತು, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೇಲಿನ ಸೂಚನೆಗಳನ್ನು ಭಕ್ತಿಯಿಂದ ಓದತೊಡಗಿದೆ. ಬೆನ್ನ ಹಿಂದೆ ಕಾಗದದ ಸದ್ದಾಯಿತು. ಟಿಕೇಟುಗಳನ್ನು ಬದಿಗೆ ತಳ್ಳಿದ ಮ್ಯಾನೇಜರ್, ಎಲ್ಲಕ್ಕಿಂತ ಮೇಲಿದ್ದ ಒಂದೇ ಒಂದು ಹೊಸ ಕಾಗದವನ್ನು ಗಟ್ಟಿಯಾಗಿ ಓದಿ, "ಇದು ನಿಮ್ಮದೇ ಅಲ್ವಾ?" ಎಂದು ಕೇಳಿದರು. ನನ್ನ ಮುಖ ಇನ್ನೂ ಗೋಡೆಗೇ ಇತ್ತು. ಸಿಟ್ಟಿನಲ್ಲಿ ಬರೆದೆ, ಹರಿದುಹಾಕಿ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹೌದು ಎಂದೆ, ಬೀಗ ತೆರೆದ ಕೂಲಿ ಇಸಿದುಕೊಂಡೆ, ಹೊಸ ಬೀಗವನ್ನೂ ಮಾರಿದೆ.

ವಿಚಾರಣೆಯಲ್ಲಿ ಹೊಂದುವ ಸಹಿಯನ್ನು ಹೊಂದುವುದಿಲ್ಲ ಎಂದದ್ದೇಕೆಂದು ಕೇಳಿದಾಗ ತಾವು "ಕಣ್ಣು ಮಂಜಾಗಿತ್ತು ಸರ್" ಎಂದಷ್ಟೇ ಹೇಳಿದಿರಂತೆ. ಕಣ್ಣು ಮಂಜಾದವರಿಗೆ ಸೂಕ್ತ ಸ್ಥಳವೆಂದು ಬೆಳಕೇ ಇಲ್ಲದ ನೆಲಮಾಳಿಗೆಗೆ ತಮ್ಮನ್ನು ಕಳಿಸಿದ ಆಡಳಿತದ ಜಾಣ್ಮೆಗೆ ನನ್ನದೊಂದು ಪ್ರತ್ಯೇಕ ನಮಸ್ಕಾರ.

ಮಾರನೆಯ ದಿನವೇ ಮೂರನೇ ಕಿಟಕಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯ ಹೊಸಬರು ಕೂತಿದ್ದರು. ನನ್ನ ಸಹಿ ನೋಡಿ "ಅಚ್ಚೊತ್ತಿದ ಹಾಗಿದೆ ಸರ್" ಎಂದರು. ನಾಲ್ಕು ನಿಮಿಷದಲ್ಲಿ, ಯಾಕೆ ಏನು ಎಂದು ಕೇಳದೆ, ಇಪ್ಪತ್ತಾರು ವರ್ಷವನ್ನು ನನ್ನ ಖಾತೆಗೆ ಇಳಿಸಿ ನಗುನಗುತ್ತ ಬೀಳ್ಕೊಟ್ಟರು. ಗ್ರಾಹಕಸೇವೆಯೆಂದರೆ ಇದಪ್ಪಾ ಎಂದು ನಾನು ಮೆಟ್ಟಿಲಿಳಿಯುತ್ತ ಅಂದುಕೊಂಡೆ.

ಇನ್ನು ನಾಣ್ಯದವರ ಉಪಚಾರವನ್ನು ವರ್ಣಿಸದಿದ್ದರೆ ಕೃತಘ್ನನಾಗುತ್ತೇನೆ. ತಾವಾದರೋ ಒಂದು ಪೆನ್ನನ್ನೂ ನಂಬಿ ಕೊಡುವವರಲ್ಲ. ಅವರು ಸಮಸ್ತವನ್ನೂ ನಂಬಿ ನನ್ನ ಕೈಗೇ ಕೊಟ್ಟರು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಎರಡೇ ಸಾಲಿತ್ತು: 'ನಾವು ಬ್ಯಾಂಕ್ ಅಲ್ಲ. ನಿಮ್ಮ ಕೀಲಿಕೈ ನಿಮ್ಮ ಕೈಯಲ್ಲಿ.' ಕೀಲಿಕೈ ಎಂಬ ಮಾತು ಕೇಳಿದೊಡನೆ ನಾನು ತವರಿನವರನ್ನು ಕಂಡಂತೆ ಕರಗಿಹೋದೆ. ಅಲ್ಲಿ ಸರದಿಯಿಲ್ಲ, ಫಾರಮಿಲ್ಲ, ಸಹಿಯಿಲ್ಲ, ಕಾಲಿಗೆ ಅಡ್ಡ ಬರುವ ಮನುಷ್ಯರಂತೂ ಇಲ್ಲವೇ ಇಲ್ಲ. ಹನ್ನೆರಡು ಪದಗಳನ್ನು ಕೊಟ್ಟು, ಇವೇ ನಿಮ್ಮ ಕೀಲಿಕೈ, ಇವು ಕಳೆದರೆ ನಮ್ಮ ಬಳಿ ಇನ್ನೊಂದಿಲ್ಲ, ಯಾರಿಗೂ ತೋರಿಸಬೇಡಿ ಎಂದರು.

ನಾನು ಕಾಗದವನ್ನು ನಂಬುವವನಲ್ಲ. ಅರ್ಥ ಗೊತ್ತಿಲ್ಲದ ಆ ಪರಭಾಷೆಯ ಹನ್ನೆರಡು ಪದಗಳನ್ನು, ಕೀಲಿಕೈಗಳ ಮೇಲೆ ನಂಬರು, ಅಕ್ಷರ ಕುಟ್ಟುವ ಅಚ್ಚುಗಳಿಂದ ಹಿತ್ತಾಳೆಯ ತಗಡೊಂದರ ಮೇಲೆ ಒಂದೊಂದೇ ಅಕ್ಷರವಾಗಿ ಕುಟ್ಟಿದೆ. ಆ ತಗಡನ್ನು ಕಬ್ಬಿಣದ ಡಬ್ಬಿಯಲ್ಲಿಟ್ಟು, ನಾನೇ ಮಾಡಿದ ಏಳು ಲಿವರಿನ ಬೀಗ ಜಡಿದೆ. ಈ ಊರಿನಲ್ಲಿ ಆ ಬೀಗವನ್ನು ತೆಗೆಯಬಲ್ಲವನು ನಾನೊಬ್ಬನೇ ಎಂದು ಭಾವಮೈದುನನಿಗೆ ಹೇಳಿ ಹೆಮ್ಮೆಪಟ್ಟೆ. ಕಳ್ಳರಿಗೂ ಆ ವಿಷಯ ಗೊತ್ತಿತ್ತೆಂದು ಕಾಣುತ್ತದೆ, ಅದಕ್ಕೇ ನನ್ನ ಕೈಯಿಂದಲೇ ತೆಗೆಸಿದರು.

ಎರಡು ತಿಂಗಳು ಫೋನಿನ ಪರದೆಯ ಮೇಲೆ ಹಸಿರು ಗೆರೆ ಏರುತ್ತಲೇ ಹೋಯಿತು. ದಿನವೂ ಅದನ್ನು ನೋಡುತ್ತ, ಹೆಂಡತಿ ಭುಜ ಹಿಡಿದುಕೊಂಡು ಬಸ್ಸಿಳಿದು ಬರುವಾಗ, ಇನ್ನು ಸ್ವಲ್ಪ ದಿನ ತಡಿ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಆಮೇಲೆ ಒಂದು ಮಧ್ಯಾಹ್ನ, ಗಿರಾಕಿಯೊಬ್ಬರ ಬಾಗಿಲಿನ ಬೀಗ ಬಿಚ್ಚಿ ಕೂತಿದ್ದಾಗ, ಬಹಳ ಇಂಪಾದ ಕಂಠವೊಂದು ನಾಣ್ಯದ ಆ್ಯಪಿನವರೆಂದು ಹೇಳಿಕೊಂಡು ಕರೆ ಮಾಡಿತು. "ಸರ್, ನಿಮ್ಮ ವ್ಯಾಲೆಟ್ಟಿನ ಬೀಗ ಹಳೇದಾಗಿದೆ ಸರ್. ಇವತ್ತೇ ಬದಲಾಯಿಸ್ಕೊಳ್ಳಿ ಸರ್, ಇಲ್ಲಾಂದ್ರೆ ರಿಸ್ಕ್ ಸರ್" ಎಂದಿತು. ಬೇರೆ ಯಾರಾದರೂ ಆಗಿದ್ದರೆ ಅನುಮಾನಿಸುತ್ತಿದ್ದರೇನೋ. ಮಾನ್ಯರೇ, ಆ ಕ್ಷಣಕ್ಕೆ ಸರಿಯಾಗಿ ನಾನು ಎದುರಿಗಿದ್ದ ಗಿರಾಕಿಗೆ ಇದೇ ಮಾತನ್ನು, ಇದೇ ರಾಗದಲ್ಲಿ ಹೇಳುತ್ತಿದ್ದೆ. ಹಳೆಯ ಬೀಗ ಬದಲಾಯಿಸಿ ಎಂದು ಮೂವತ್ತೊಂದು ವರ್ಷದಿಂದ ಊರಿಗೆಲ್ಲ ಉಪದೇಶ ಮಾಡಿದವನು ತನಗೇ ಯಾರಾದರೂ ಹೇಳಿದಾಗ ಇಲ್ಲವೆನ್ನುವುದು ಹೇಗೆ? ಏಳು ಲಿವರಿನ ಬೀಗ ತೆಗೆದೆ, ಹಿತ್ತಾಳೆಯ ತಗಡು ಹೊರಗೆಳೆದೆ, ಅವರು ಕಳಿಸಿದ ಪುಟದಲ್ಲಿ ಹನ್ನೆರಡು ಪದಗಳನ್ನೂ ಒಂದಕ್ಷರ ತಪ್ಪದೆ ತುಂಬಿದೆ. ಆ ಕಂಠ ನನಗೆ ಒಟ್ಟು ಹತ್ತೊಂಬತ್ತು ಸಲ ಸರ್ ಎಂದಿತು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ನಾಲ್ಕನೆಯ ತರಗತಿಯಲ್ಲಿ ಓದಿದ್ದೆ, ಆದರೆ ಅಷ್ಟೊಂದು ಸರ್‌ಗಳ ಎದುರಿಗೆ ಯಾವ ಸುಭಾಷಿತ ನಿಲ್ಲುತ್ತದೆ? ಒಂದು ಲೋಟ ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನಾಣ್ಯಗಳು ಓಡಿದವು. ಭಾವಮೈದುನ ಹೇಳಿದ್ದು ಸುಳ್ಳಾಗಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕಾರ್ಯಕ್ರಮ ಅಂದೇ ಶುರುವಾಯಿತು. ಮೊದಲು ಆ್ಯಪಿನವರಿಗೆ ಬರೆದೆ. ಅರ್ಧ ಗಂಟೆಯಲ್ಲಿ ಯಂತ್ರವೊಂದು ಅತ್ಯಂತ ಮರುಕದಿಂದ ಉತ್ತರಿಸಿತು: ತಮ್ಮ ನೋವು ನಮಗೆ ಅರ್ಥವಾಗುತ್ತದೆ, ಆದರೆ ಒಮ್ಮೆ ಹೋದದ್ದನ್ನು ಹಿಂದಕ್ಕೆ ತರುವ ವ್ಯವಸ್ಥೆ ನಮ್ಮಲ್ಲಿಲ್ಲ, ನಾವು ಬ್ಯಾಂಕ್ ಅಲ್ಲ. ಜಾಹೀರಾತಿನಲ್ಲಿದ್ದ ಸಾಲೇ ಅದು, ಒಂದಕ್ಷರ ಬದಲಾಗಿರಲಿಲ್ಲ. ಮಾತಿಗೆ ತಪ್ಪದ ಕಂಪನಿಯೆಂದು ಮೆಚ್ಚಿಕೊಳ್ಳಲೇಬೇಕು. ಅವರ ಕಚೇರಿ ಎಲ್ಲಿದೆಯೆಂದು ಕೇಳಿದ್ದಕ್ಕೆ ಎಲ್ಲೆಡೆಯೂ ಇದೆ ಎಂದರು. ಎಲ್ಲೆಡೆಯೂ ಇರುವವರ ಬಾಗಿಲನ್ನು ಎಲ್ಲಿ ನಿಂತು ಬಡಿಯುವುದು? ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳುವವರು ಬೀಗ ಒಡೆದಿದ್ದರೇ ಎಂದು ಕೇಳಿದರು. ಇಲ್ಲ, ಅಸಲಿ ಕೀಲಿಕೈಯಿಂದಲೇ ತೆರೆದದ್ದು ಎಂದೆ. ಕೀಲಿಕೈ ಯಾರು ಕೊಟ್ಟದ್ದು ಎಂದರು. ನಾನೇ ಎಂದೆ. ಅವರು ಪೆನ್ನು ಕೆಳಗಿಟ್ಟರು. ಹೀಗೆ ತೆರೆದ ಬಾಗಿಲನ್ನು ಕಳ್ಳತನವೆಂದು ನಂಬಿಸುವುದು ಎಷ್ಟು ಕಷ್ಟವೆಂದು ನಾನೇ ನೂರಾರು ಗಿರಾಕಿಗಳಿಗೆ ತಲೆಯಲ್ಲಾಡಿಸಿ ಹೇಳಿದ್ದುಂಟು.

ಕಡೆಗೆ ತಮ್ಮ ಬ್ಯಾಂಕಿಗೇ ಬಂದು ಮ್ಯಾನೇಜರ ಮುಂದೆ ಕೂತೆ. ಅವರು ಬೇಸರಪಡದೆ ವಿವರಿಸಿದರು. ಠೇವಣಿ ಇಲ್ಲೇ ಇದ್ದಿದ್ದರೆ, ಬ್ಯಾಂಕೇ ಮುಳುಗಿದರೂ ಒಂದು ಮಿತಿಯವರೆಗೆ ವಿಮೆಯಿತ್ತು. ಯಾರಾದರೂ ಮೋಸದಿಂದ ತೆಗೆದಿದ್ದರೆ ತಡೆಹಿಡಿಯಲು, ಹುಡುಕಲು, ಮರಳಿಸಲು ದಾರಿಯಿತ್ತು. ನಾವು ಕೇಳದಿದ್ದರೆ ನಮ್ಮ ಮೇಲಿನವರು, ಅವರೂ ಕೇಳದಿದ್ದರೆ ಅವರ ಮೇಲಿನವರು ಎಂದು ದೂರು ಕೊಡಲು ಏಣಿಯೇ ಇತ್ತು. ಆದರೆ ಇಲ್ಲಿಂದ ತಾವೇ ಸಹಿ ಮಾಡಿ ಕೊಂಡೊಯ್ದದ್ದು, ಸಹಿಯೂ ಹೊಂದಿತ್ತು ಎಂದರು. ಸಹಿ ಹೊಂದಿದ್ದೇ ನನ್ನ ಅಪರಾಧವೆಂದು ಜೀವನದಲ್ಲಿ ಮೊದಲ ಸಲ ಕೇಳಿದೆ.

ಇಲ್ಲಿಯವರೆಗೂ ಮಾನ್ಯರೇ, ನಾನು ತಮ್ಮನ್ನು ಬೈಯುತ್ತಲೇ ಇದ್ದೆ. ತಾವು ಮೊದಲ ದಿನವೇ ಹಣ ಕೊಟ್ಟಿದ್ದರೆ ನಾಣ್ಯವನ್ನು ಅಗ್ಗದಲ್ಲಿ ಕೊಂಡು, ಏರಿದಾಗ ಮಾರಿ, ಆ ಕರೆ ಬರುವ ಮೊದಲೇ ಹೊರಬಂದಿರುತ್ತಿದ್ದೆ ಎಂದು ಲೆಕ್ಕ ಹಾಕುತ್ತಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು. ಒಂದು ವಾರ ಅನ್ನ ಸೇರದೆ ತಿರುಗಿ, ಎಂಟನೆಯ ದಿನ ಸಂಜೆ ಅಡುಗೆಮನೆಯಲ್ಲಿ ಹೆಂಡತಿಗೆ ಹಣ ತೆಗೆದದ್ದನ್ನೂ ಕಳೆದದ್ದನ್ನೂ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ, ತಮ್ಮನನ್ನು ಕರೆಸಿ ಇಬ್ಬರನ್ನೂ ಸಾಲಾಗಿ ನಿಲ್ಲಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆ ಆರಿಸಿ, ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತ, ಒಂದೇ ಒಂದು ಪ್ರಶ್ನೆ ಕೇಳಿದಳು. "ಮೂರನೇ ಕಿಟಕಿಯವರು ಸಹಿ ಹೊಂದ್ತಿಲ್ಲ ಅನ್ನಲಿಲ್ವಾ?"

ಸಹಿಯ ಸುದ್ದಿಯನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ಠೇವಣಿ ಇಟ್ಟ ದಿನ ನಾನು ರಸೀದಿಗೆ ಅಂಟು ಹುಡುಕಲು ಹೋಗಿದ್ದಾಗ ಅವಳು ತಮ್ಮ ಕಿಟಕಿಗೆ ಬಾಗಿ ಹೇಳಿದ ಮಾತು ತಮಗೆ ನೆನಪಿದೆ. ನನಗೆ ಗೊತ್ತಾದದ್ದು ಆ ಸಂಜೆ. "ನಮ್ಮನೆಯವರು ಒಳ್ಳೆಯವರೇ ಮೇಡಂ, ಆದ್ರೆ ಯಾರು ಬಂದು ಕೇಳಿದ್ರೂ ಬಾಗಿಲು ತೆಗೆದುಬಿಡ್ತಾರೆ. ಈ ದುಡ್ಡಿಗೆ ಒಬ್ಬರೇ ಬಂದ್ರೆ ಸಹಿ ಹೊಂದ್ತಿಲ್ಲ ಅಂತಲೋ ಏನೋ ಒಂದು ನೆಪ ಹೇಳಿ ನಾಲ್ಕು ಸಲ ಸುತ್ತಾಡಿಸಿ. ಅಷ್ಟರಲ್ಲಿ ಮನೆಗೆ ಬಂದು ನನ್ನ ಹತ್ರ ಗೊಣಗ್ತಾರೆ, ನಂಗೆ ಗೊತ್ತಾಗುತ್ತೆ" ಎಂದಿದ್ದಳಂತೆ. ತಾವು ಆಯಿತಮ್ಮಾ ಎಂದಿರಂತೆ. ಅವಳ ಲೆಕ್ಕದಲ್ಲಿ ಲೋಪವಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹೊರಗಿನ ಸಿಟ್ಟನ್ನು ಮನೆಗೆ ತಂದು ಗೊಣಗದೆ ಉಳಿದದ್ದು ಅದೊಂದೇ ಸಲ.

ಎಷ್ಟೋ ಬೀಗ ಬಿಚ್ಚಿದ ನಾನು ನನ್ನ ಹೆಂಡತಿ ನನಗೇ ಹಾಕಿದ್ದ ಬೀಗವನ್ನು ಗುರುತಿಸದೆ ಹೋದೆ. ಅಪರಿಚಿತರು ಬಂದು ಮನೆಯ ಬಾಗಿಲು ತೆಗೆದುಕೊಡಿ ಎಂದರೆ, ಪಕ್ಕದ ಮನೆಯವರನ್ನು ಸಾಕ್ಷಿಗೆ ಕರೆಯುವವರೆಗೂ ನಾನು ಚೀಲ ಬಿಚ್ಚುವುದಿಲ್ಲ. ಅದಕ್ಕಾಗಿ ಬೈಸಿಕೊಂಡಿದ್ದೇನೆ, ಒಮ್ಮೆ ಕೊರಳಪಟ್ಟಿ ಹಿಡಿಸಿಕೊಂಡೂ ಇದ್ದೇನೆ. ತಾವು ನನಗೆ ಮಾಡಿದ್ದು ಅದನ್ನೇ ಎಂದು ನನಗೆ ಹೊಳೆಯಲಿಲ್ಲ. ತಮ್ಮ ನಿಯಮಪುಸ್ತಕದಲ್ಲಿ ಹೆಂಡತಿಯನ್ನು ಕೇಳಿ ಎಂಬ ಕಲಮು ಇರಲಿಲ್ಲ, ಇದ್ದದ್ದು ಸಹಿಯ ಕಲಮೊಂದೇ, ಅದನ್ನೇ ಅಡ್ಡ ಹಿಡಿದಿರಿ. ವಿಚಾರಣೆಯಲ್ಲಿ ನಿಜ ಹೇಳಿದ್ದರೆ ಬಚಾವಾಗಬಹುದಿತ್ತು. ಹೆಂಗಸೊಬ್ಬಳಿಗೆ ಕೊಟ್ಟ ಮಾತನ್ನು ಬಿಟ್ಟುಕೊಡದೆ ಕಣ್ಣಿನ ಮೇಲೆ ತಪ್ಪು ಹೊರಿಸಿಕೊಂಡು ನೆಲಮಾಳಿಗೆಗೆ ಇಳಿದಿರಿ. ಇದನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ ಮಾನ್ಯರೇ, ಇದರಲ್ಲಿ ಅಣಕವೇನೂ ಇಲ್ಲ.

ಆದರೂ ದೂರು ದೂರೇ. ನಾಲ್ಕು ಸಲ ಎಂದು ಅವಳು ಹೇಳಿದರೆ ತಾವು ನಾಲ್ಕಕ್ಕೇ ನಿಲ್ಲಿಸುವುದೇ? ನಲವತ್ತು ಸಲ ತಿರುಗಿಸಬಾರದಿತ್ತೇ? ನನ್ನ ಪಾಸ್‌ಬುಕ್ಕನ್ನು ಕಿಟಕಿಯಿಂದಾಚೆ ಎಸೆದು, ಕಾವಲುಗಾರನಿಂದ ನನ್ನನ್ನು ಹೊರಗೆ ತಳ್ಳಿಸಿ, ಊಟದ ಸಮಯವೆಂದು ವರ್ಷಪೂರ್ತಿ ಬಾಗಿಲು ಹಾಕಿಕೊಳ್ಳಬಾರದಿತ್ತೇ? ಇನ್ನು ಮುಂದಾದರೂ ತಾವು ಕ್ರಿಪ್ಟೊ ಲೋಕಕ್ಕೂ ಒಂದು ಮೂರನೇ ಕಿಟಕಿ ತೆರೆಸಬೇಕು, ಅಲ್ಲಿ ತಾವೇ ಕೂರಬೇಕು, ಒಂದೊಂದು ನಾಣ್ಯಕ್ಕೂ ತಮ್ಮ ಪೆನ್ನಿಗೆ ಕಟ್ಟಿದಂಥ ದಾರ ಕಟ್ಟಬೇಕು, ಇಂಪಾದ ಕಂಠದವರಿಗೆಲ್ಲ ಸಹಿ ಹೊಂದುತ್ತಿಲ್ಲ ನಾಳೆ ಬನ್ನಿ ಎನ್ನಬೇಕು, ಅವರು ಪ್ರಳಯದವರೆಗೂ ನಾಳೆ ನಾಳೆ ಎಂದು ಬರುತ್ತಲೇ ಇರಬೇಕು. ಇದು ತಮ್ಮ ಅಧಿಕಾರದ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಬೇಡಿ. ಸಹಿಯ ನೆಪವೂ ಆ ವ್ಯಾಪ್ತಿಗೆ ಬರುತ್ತಿರಲಿಲ್ಲ, ಆದರೂ ಹೇಳಿದಿರಲ್ಲ.

ಈಗ ಮುಖ್ಯ ವಿಷಯ. ಹೆಂಡತಿ ಅಷ್ಟು ಹೇಳಿದ ಮಾರನೆಯ ದಿನವೇ ಮತ್ತೆ ಮ್ಯಾನೇಜರ ಬಳಿಗೆ ಹೋದೆ. ಈ ತಿಂಗಳ ಕೊನೆಯೊಳಗೆ ದೂರುದಾರ ದೂರನ್ನು ಲಿಖಿತವಾಗಿ ಹಿಂತೆಗೆದುಕೊಳ್ಳದಿದ್ದರೆ ತಮ್ಮ ನೆಲಮಾಳಿಗೆವಾಸ ಕಾಯಂ ಆಗುತ್ತದೆಂದು ಮ್ಯಾನೇಜರ್ ಹೇಳಿದರು. ಅಲ್ಲೇ ಕೂತು ಹಿಂತೆಗೆತದ ಪತ್ರ ಬರೆದು ಸಹಿ ಹಾಕಿದೆ. ಏನೆಂದು ಹೇಳಲಿ? ಅನ್ನ ಸೇರದ ಆ ವಾರದಿಂದ ನನ್ನ ಕೈ ನಡುಗುತ್ತದೆ. ಕೀಲಿಕೈಯ ಹಲ್ಲೂ ಒಂದೆರಡು ಕೆಟ್ಟವು. ಇಸ್ತ್ರಿ ಅಂಗಿಯ ಹೊಸಬರು ಎರಡೂ ಸಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಬಹಳ ವಿನಯದಿಂದ, "ಸಾರಿ ಸರ್, ಸಹಿ ಹೊಂದ್ತಿಲ್ಲ" ಎಂದರು. ಈ ಸಲ ನಿಜಕ್ಕೂ ಹೊಂದುತ್ತಿರಲಿಲ್ಲ. ಸಹಿ ಬದಲಾಗಿದ್ದರೆ ಖಾತೆದಾರನನ್ನು ಬಹುಕಾಲದಿಂದ ಬಲ್ಲ ಅಧಿಕಾರಿಯೊಬ್ಬರು ದೃಢೀಕರಿಸಬಹುದಂತೆ. ಈ ಬ್ಯಾಂಕಿನಲ್ಲಿ ನನ್ನನ್ನು ಬಹುಕಾಲದಿಂದ ಬಲ್ಲವರು ಒಬ್ಬರೇ ಇದ್ದಾರೆ, ಅವರ ಕಣ್ಣು ಮಂಜೆಂದು ಕಡತದಲ್ಲಿದೆ.

ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಮೂರನೇ ಕಿಟಕಿಯ ಮುಂದೆ ನಿಂತಿರುತ್ತೇನೆ. ತಾವು ದಯಮಾಡಿ ಆ ಹದಿನಾರು ಮೆಟ್ಟಿಲು ಹತ್ತಿ ಬಂದು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎಲ್ಲರೆದುರಿಗೆ ನನ್ನ ನಡುಗುವ ಸಹಿಯನ್ನು ನೋಡಬೇಕು. ಹೊಂದುತ್ತದೆ ಎಂದರೆ ತಮ್ಮ ಉಪಕಾರ. ಹೊಂದುತ್ತಿಲ್ಲ ಎಂದರೆ ಮಂಗಳವಾರ ಬರುತ್ತೇನೆ, ಬುಧವಾರ ಬರುತ್ತೇನೆ, ತಿಂಗಳು ಮುಗಿಯುವವರೆಗೂ ಬರುತ್ತೇನೆ. ತಿರುಗುವುದು ನನಗೇನು ಹೊಸದಲ್ಲ. ನನ್ನ ಹೆಂಡತಿ ಇನ್ನೂ ಎರಡು ವರ್ಷ ಆ ಒದ್ದೆ ಬಟ್ಟೆಗಳನ್ನು ಎಳೆಯಲೇಬೇಕು, ಅದನ್ನು ತಾವೂ ಸರಿಪಡಿಸಲಾರಿರಿ. ಸೋಮವಾರಕ್ಕೆ ಮಾತ್ರ ಅವಳು ಅರ್ಧ ದಿನ ರಜೆ ಹಾಕಿದ್ದಾಳೆ. ತಾವು ಮೂರನೆಯ ದಿನ ಹೇಳಿದ್ದಿರಲ್ಲ, ಈ ಸಲ ಮನೆಯವರನ್ನೂ ಕರೆದುಕೊಂಡು ಬರುತ್ತಿದ್ದೇನೆ.

ಇಂತಿ,
ಸಹಿ ಹೊಂದಿದಾಗ ಕೆಟ್ಟು, ಹೊಂದದಾಗ ಬುದ್ಧಿ ಬಂದ
ತಮ್ಮ ವಿಶ್ವಾಸಿ,
ಎದುರು ರಸ್ತೆಯ ಬೀಗದವನು

ಮರೆತ ಮಾತು: ದೂರು ಪೆಟ್ಟಿಗೆಗೆ ನಾನು ಮಾರಿದ ಹೊಸ ಬೀಗದ ಕೀಲಿಕೈ ಆಗಲೇ ಕಳೆದಿದೆಯಂತೆ. ಬಂದು ತೆಗೆದುಕೊಡಬೇಕೆಂದು ಮ್ಯಾನೇಜರ್ ಸಹಿ ಹಾಕಿದ ಚೀಟಿಯೊಂದಿಗೆ ನಿನ್ನೆ ಆಳು ಬಂದಿದ್ದ. ಚೀಟಿಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು, ಸಹಿ ಹೊಂದುತ್ತಿಲ್ಲ, ನಾಳೆ ಬನ್ನಿ ಎಂದೆ. ಇವತ್ತು ಮ್ಯಾನೇಜರೇ ಖುದ್ದಾಗಿ ಬಂದಿದ್ದರು. ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.